ಎಲ್ಸ್ ಒಳಗೆ ಒಂದು ಸೊನ್ನೆ

ಬೆಳಿಗ್ಗೆ ಒಂದು ಓಪನ್‌ಸೋರ್ಸ್ ಪ್ರಾಜೆಕ್ಟ್‌ನ ಪ್ಯಾಚ್ (ಯಾರೋ ಕಳಿಸಿದ ಕೋಡ್ ಬದಲಾವಣೆ) ರಿವ್ಯೂ ಮಾಡಿದೆ. ಇನ್ನೂ ಸಿಟ್ಟು ಇಳಿದಿಲ್ಲ.

ಡಿಜಿಟಲ್ ಸಹಿ ಸರಿಯಿದೆಯಾ ಅಂತ ನೋಡುವ ಫಂಕ್ಷನ್ ಅದು. ಓಪನ್‌ಎಸ್‌ಎಸ್‌ಎಲ್ ಎಂಬ ಕ್ರಿಪ್ಟೋ ಲೈಬ್ರರಿ ಇದ್ದರೆ ಒಂದು ತುಂಡು ಕೋಡ್, ಅಂಥದ್ದೇ ಗ್ನೂಟಿಎಲ್‌ಎಸ್ ಇದ್ದರೆ ಇನ್ನೊಂದು, ಮಧ್ಯೆ ಇಫ್‌ಡೆಫ್, ಅಂದರೆ ಯಾವ ತುಂಡು ಕಂಪೈಲ್ ಆಗಬೇಕು ಅಂತ ಆರಿಸುವ ಷರತ್ತು. ಕೊನೆಗೊಂದು ಎಲ್ಸ್. ಅದರೊಳಗೆ ಒಂದೇ ಸಾಲು: ರಿಟರ್ನ್ ಸೊನ್ನೆ. ಆ ಪ್ರಾಜೆಕ್ಟ್‌ನಲ್ಲಿ ಸೊನ್ನೆ ಅಂದರೆ ‘ಎಲ್ಲ ಸರಿ’. ಬಿಲ್ಡ್ ಮಾಡುವಾಗ ಎರಡೂ ಲೈಬ್ರರಿ ಸಿಗದಿದ್ದರೆ ಯಾವ ಸಹಿ ಕೊಟ್ಟರೂ ಪಾಸ್! ಕಂಪೈಲರ್ ತುಟಿ ಪಿಟಕ್ಕೆನ್ನುವುದಿಲ್ಲ.

ಲೈಬ್ರರಿ ಬದಲಿಸುವ ದಾರಿಯೇ ಬೇಡ ಅಂತಲ್ಲ, ಬೇಕೇ ಬೇಕು. ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೊಡ್ಡ ಭದ್ರತಾ ದೋಷ ಬೆಳಕಿಗೆ ಬಂದ 2014ರಲ್ಲೇ ಲಿಬ್ರೆಎಸ್‌ಎಸ್‌ಎಲ್, ಬೋರಿಂಗ್‌ಎಸ್‌ಎಸ್‌ಎಲ್ ಎರಡೂ ಅದರಿಂದ ಕವಲೊಡೆದವು. ಹಳೆಯ ಓಪನ್‌ಎಸ್‌ಎಸ್‌ಎಲ್ ಲೈಸೆನ್ಸ್‌ಗೂ ಜಿಪಿಎಲ್ ಎಂಬ ಇನ್ನೊಂದು ಓಪನ್‌ಸೋರ್ಸ್ ಲೈಸೆನ್ಸ್‌ಗೂ ಆಗಿಬರುತ್ತಿರಲಿಲ್ಲ. 2021ರಲ್ಲಿ 3.0 ಬಂದಾಗ ಅಪಾಚೆ ಲೈಸೆನ್ಸ್ ಆಯಿತು. ಕಾರಣಗಳಿವೆ, ಒಪ್ಪುತ್ತೇನೆ. ನನ್ನ ತಕರಾರು ಇಷ್ಟೇ: ಇಫ್‌ಡೆಫ್ ಅನ್ನು ಕೋಡ್ ತುಂಬ ಚೆಲ್ಲಬೇಡಿ, ಲೈಬ್ರರಿಗೂ ಉಳಿದ ಕೋಡ್‌ಗೂ ನಡುವೆ ಒಂದು ಪದರ ಮಾಡಿ ಅಲ್ಲೇ ಇಡಿ.

ಈ ಲೈಬ್ರರಿಗಳ ನಡವಳಿಕೆ ಒಂದೇ ಥರ ಇಲ್ಲ. ಗ್ನೂಟಿಎಲ್‌ಎಸ್, ಎಂಬೆಡ್‌ಟಿಎಲ್‌ಎಸ್‌ನಲ್ಲಿ ಸಾಮಾನ್ಯವಾಗಿ 0 ಬಂದರೆ ಕೆಲಸ ಆಯಿತು ಅಂತ. ಓಪನ್‌ಎಸ್‌ಎಸ್‌ಎಲ್‌ನಲ್ಲಿ 1 ಬರಬೇಕು. ಅದರ ಇವಿಪಿ ವೆರಿಫೈಫೈನಲ್ ಫಂಕ್ಷನ್ ನೋಡಿ. ಸಹಿ ಸರಿಯಿದ್ದರೆ 1, ತಪ್ಪಿದ್ದರೆ 0, ಬೇರೇನೋ ಎಡವಟ್ಟಾದರೆ ಮೈನಸ್ 1. ‘ಸೊನ್ನೆ ಅಲ್ವಲ್ಲ, ಸರಿ’ ಅಂತ ಬರೆದರೆ ಮೈನಸ್ 1 ಕೂಡ ಸಲೀಸಾಗಿ ಒಳಗೆ ಬರುತ್ತದೆ.

ವರ್ಷನ್ ನಂಬರ್ ಕಥೆಯೂ ಹೀಗೇ. 2016ರಲ್ಲಿ ಓಪನ್‌ಎಸ್‌ಎಸ್‌ಎಲ್ 1.1.0 ಬಂದಾಗ ಎಷ್ಟೋ ಸ್ಟ್ರಕ್ಟ್‌ಗಳ (ಡೇಟಾ ರಚನೆಗಳ) ಒಳಭಾಗ ಹೊರಗಿನ ಕೋಡ್‌ಗೆ ಮುಚ್ಚಿಹೋಯಿತು, ಅದನ್ನು ಮುಟ್ಟಲು ಫಂಕ್ಷನ್‌ಗಳನ್ನೇ ಕರೆಯಬೇಕಾಯಿತು. ಎಲ್ಲರೂ ‘1.1.0 ಅಥವಾ ಅದಕ್ಕಿಂತ ಹೊಸದಾದರೆ’ ಅಂತ ಷರತ್ತು ಹಾಕಿದರು. ಲಿಬ್ರೆಎಸ್‌ಎಸ್‌ಎಲ್ ತನ್ನ ಓಪನ್‌ಎಸ್‌ಎಸ್‌ಎಲ್ ವರ್ಷನ್ ಕೇಳಿದರೆ 2.0.0 ಅನ್ನುತ್ತದೆ. ಷರತ್ತು ದಾಟಿತು, ಬೇಕಾದ ಫಂಕ್ಷನ್ ಆಗ ಅದರಲ್ಲಿ ಇರಲಿಲ್ಲ, ಬಿಲ್ಡ್ ಬಿತ್ತು. ಆಮೇಲೆ ‘ಲಿಬ್ರೆಎಸ್‌ಎಸ್‌ಎಲ್ ಅಲ್ಲದಿದ್ದರೆ’ ಅಂತ ಇನ್ನೊಂದು ಷರತ್ತು. ಇದನ್ನು ನಲವತ್ತು ಫೈಲ್‌ಗಳಲ್ಲಿ ಯಾರು ತಿದ್ದುತ್ತಾ ಕೂರಬೇಕು?

ನಾನೂ ಈ ತಪ್ಪು ಮಾಡಿದ್ದೇನೆ. ಒಮ್ಮೆ ಇಫ್‌ಡೆಫ್ ಹುಡುಕುವ ಮ್ಯಾಕ್ರೋ ಹೆಸರಲ್ಲಿ ಒಂದು ಅಕ್ಷರ ತಪ್ಪಾಗಿತ್ತು. ಆ ಹೆಸರು ಎಲ್ಲೂ ಇಲ್ಲ ಅಂದರೆ ಇಫ್‌ಡೆಫ್ ಆ ಭಾಗವನ್ನು ಸುಮ್ನೆ ಬಿಟ್ಟುಬಿಡುತ್ತದೆ. ನಾನು ಬರೆದ ಚೆಕ್ ತಿಂಗಳುಗಟ್ಟಲೆ ಕಂಪೈಲೇ ಆಗಿರಲಿಲ್ಲ. ಗೊತ್ತಾದ ದಿನ ನಿದ್ದೆ ಬರಲಿಲ್ಲ.

‘ನಡುವೆ ಒಂದು ಪದರ ಹಾಕಿದರೆ ನಿಧಾನ ಆಗುತ್ತೆ’ ಅನ್ನುವವರಿದ್ದಾರೆ. ಒಂದು ಸಹಿ ಪರಿಶೀಲಿಸಲು ಹಿಡಿಯುವ ಹೊತ್ತಿನ ಮುಂದೆ ಒಂದು ಫಂಕ್ಷನ್ ಕರೆ ಲೆಕ್ಕಕ್ಕೇ ಇಲ್ಲ. ಇಂಟರ್ನೆಟ್‌ನಲ್ಲಿ ಡೇಟಾ ತರುವ, ಕಳಿಸುವ ಕರ್ಲ್ ಪ್ರೋಗ್ರಾಂ ನೋಡಿ. ಅಲ್ಲಿ ಒಂದೊಂದು ಟಿಎಲ್‌ಎಸ್ (ಸುರಕ್ಷಿತ ಸಂಪರ್ಕದ) ಲೈಬ್ರರಿಗೂ ಅದರದೇ ಫೈಲ್. ಉಳಿದ ಕೋಡ್ ಮಾತಾಡುವುದು ಫಂಕ್ಷನ್ ಪಾಯಿಂಟರ್‌ಗಳ (ಫಂಕ್ಷನ್ ಎಲ್ಲಿದೆ ಅಂತ ಹೇಳುವ ವಿಳಾಸಗಳ) ಒಂದು ಪಟ್ಟಿಯ ಜೊತೆ. 2017ರಿಂದ ಹಲವು ಲೈಬ್ರರಿಗಳನ್ನು ಒಟ್ಟಿಗೆ ಸೇರಿಸಿ, ಪ್ರೋಗ್ರಾಂ ಶುರುವಾಗುವಾಗ ಬೇಕಾದ್ದನ್ನು ಆರಿಸಿಕೊಳ್ಳಬಹುದು.

ಆ ಪ್ಯಾಚ್‌ಗೆ ಮೂರು ಮಾತು ಬರೆದು ಕಳಿಸಿದ್ದೇನೆ. ಎಲ್ಸ್ ಒಳಗಿನ ಸೊನ್ನೆ ತೆಗೆದು ಹ್ಯಾಶ್ ಎರರ್ ಹಾಕಿ, ಬಿಲ್ಡ್ ಅಲ್ಲೇ ನಿಲ್ಲಲಿ. ಎರಡೂ ಲೈಬ್ರರಿ ಜೊತೆ ಸಿಐ (ತಾನಾಗೇ ಬಿಲ್ಡ್ ಮಾಡಿ ಟೆಸ್ಟ್ ಮಾಡುವ ವ್ಯವಸ್ಥೆ) ಓಡಿಸಿ. ಬೇಕಂತಲೇ ಕೆಡಿಸಿದ ಒಂದು ಸಹಿ ಕೊಟ್ಟು, ಅದು ಫೇಲ್ ಆಗುವುದನ್ನು ನನಗೆ ತೋರಿಸಿ. ಅಲ್ಲಿವರೆಗೆ ನಾನು ಮರ್ಜ್ ಮಾಡುವುದಿಲ್ಲ.