ರೇಡಿಯೋದವರು ಹಾಡು ಕತ್ತರಿಸಿದರಾ?

ಜಾಹೀರಾತಿಗೋಸ್ಕರ ರೇಡಿಯೋದವರು ಇಂಗ್ಲಿಷ್ ಹಾಡುಗಳನ್ನು ಕತ್ತರಿಸುತ್ತಾರೆ ಎಂಬ ಮೆಸೇಜ್ ಮೈಸೂರಿನ ನಮ್ಮ ಬಡಾವಣೆಯ ಗ್ರೂಪಿಗೆ ಮತ್ತೆ ಬಂದಿದೆ. ಕೇಳಿದ ಹಾಡು ಗಿಡ್ಡವಾಗಿದ್ದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ, ಅಲ್ವಾ? ಆದರೆ ಇದು ಪೂರ್ತಿ ಸರಿಯಲ್ಲ. ಹಾಡು ಕೊನೆಯಲ್ಲಿ ಬೇಗ ನಿಂತರೆ ಅದು ಸ್ಟೇಷನ್ ಕೆಲಸ ಇರಬಹುದು. ನಡುವೆಯೇ ಚಿಕ್ಕದಾಗಿದ್ದರೆ, ಸಾಮಾನ್ಯವಾಗಿ ರೆಕಾರ್ಡ್ ಕಂಪನಿಯೇ ಹಾಗೆ ಮಾಡಿಸಿ ಕೊಟ್ಟಿರುತ್ತದೆ.

ಅಮೆರಿಕದ ರಾಕ್ ತಂಡ ದಿ ಡೋರ್ಸ್‌ನ ‘ಲೈಟ್ ಮೈ ಫೈರ್’ (1967) ಆಲ್ಬಂನಲ್ಲಿ ಸುಮಾರು 7 ನಿಮಿಷ, ಸಿಂಗಲ್‌ನಲ್ಲಿ, ಅಂದರೆ ಆ ಹಾಡನ್ನೇ ಬೇರೆಯಾಗಿ ಬಿಟ್ಟ ರೆಕಾರ್ಡ್‌ನಲ್ಲಿ, ಸುಮಾರು 3. ನಡುವಿನ ಆರ್ಗನ್, ಗಿಟಾರ್ ವಾದನ ಬಹುಪಾಲು ಹೋಗಿದೆ. ನನಗಂತೂ ಹಾಡಿನ ಜೀವವೇ ಅಲ್ಲಿದೆ.

ನೀವೇ ನೋಡಬಹುದು. ಹಾಡು ಕೇಳುವ ಆ್ಯಪ್‌ನಲ್ಲಿ ಹಾಡಿನ ಹೆಸರಿನ ಪಕ್ಕ ‘ರೇಡಿಯೋ ಎಡಿಟ್’ (ರೇಡಿಯೋಗೆಂದು ತಿದ್ದಿದ ಆವೃತ್ತಿ) ಅಥವಾ ‘ಸಿಂಗಲ್ ವರ್ಷನ್’ ಅಂತ ಇದೆಯಾ, ಎಷ್ಟು ನಿಮಿಷ ತೋರಿಸುತ್ತದೆ, ಗಮನಿಸಿ. ಆಮೇಲೆ ಅದನ್ನೂ ಆಲ್ಬಂನಲ್ಲಿರುವುದನ್ನೂ ಒಂದರ ಹಿಂದೆ ಒಂದು ಕೇಳಿ.