ಗೋಡೆ ಹತ್ತಬೇಡಿ, ಸುಡುವವರು ಸುಟ್ಟಾಯಿತು

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯಲ್ಲಿ ಹಳೆ ಕೋಟೆ, ಮಠ ನೋಡಲು ಹೋದವರಿಗೆ ಮೊದಲು ಸಿಗುವುದು ಇತಿಹಾಸ ಅಲ್ಲ, ಬೋರ್ಡು. ಗೋಡೆ ಹತ್ತಬೇಡಿ. ಕಲ್ಲು ಬೀಳಬಹುದು. ಬೇಲಿ ದಾಟಬೇಡಿ.

ಮೆಲ್ರೋಸ್ ಮಠವನ್ನೇ ನೋಡಿ. ಸ್ಕಾಟ್ಲೆಂಡಿನ ಒಂದನೇ ಡೇವಿಡ್ ದೊರೆ 1136ರಲ್ಲಿ ಶುರು ಮಾಡಿಸಿದ್ದು. 1322ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಎಡ್ವರ್ಡನ ಸೈನ್ಯ ಬಂದು ಹಾಳು ಮಾಡಿತು. 1385ರಲ್ಲಿ ಅಲ್ಲಿನದೇ ಇನ್ನೊಬ್ಬ ದೊರೆ ಎರಡನೇ ರಿಚರ್ಡ್ ಬಂದು ಸುಟ್ಟ. ಪಾಪ, ಮತ್ತೆ ಕಟ್ಟಿದರು. ಆಮೇಲೆ 1540ರ ದಶಕದಲ್ಲಿ ಇಂಗ್ಲೆಂಡಿನ ಎಂಟನೇ ಹೆನ್ರಿಗೆ ಸ್ಕಾಟ್ಲೆಂಡಿನ ಪುಟ್ಟ ರಾಣಿ ಮೇರಿಯನ್ನು ಸೊಸೆ ಮಾಡಿಕೊಳ್ಳುವ ಆಸೆ ಹುಟ್ಟಿತು, ಅವರು ಒಲ್ಲೆ ಅಂದರು, ಇವನು ಸೈನ್ಯ ಕಳಿಸಿ ಗಡಿಯ ಊರು, ಮಠ ಎಲ್ಲ ಸುಡಿಸಿದ. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಹೆಚ್ಚೆಂದರೆ ಉಪ್ಪಿಟ್ಟು, ಕೇಸರಿಬಾತ್ ಖಾಲಿ ಮಾಡಿ 'ಊರಿಗೆ ಹೋಗಿ ತಿಳಿಸ್ತೀವಿ' ಅಂತ ಹೋಗುತ್ತಾರೆ.

ಇಷ್ಟೆಲ್ಲ ಆದ ಮೇಲೆ ಉಳಿದ ಗೋಡೆಗೆ, ಬೆಂಗಳೂರಿನಿಂದ ಬಂದ ದೊಡ್ಡಮ್ಮ ಮಂಡಿನೋವು ಅಂತ ಒಂದು ಕೈ ಊರಿದರೆ ಅಪಾಯ! ಸುಟ್ಟವರ ಹೆಸರು, ಇಸವಿ ಬೋರ್ಡಿನ ಮೇಲೆ ಗೌರವದಿಂದ ಇದೆ. ದೊಡ್ಡಮ್ಮನ ಪಾಲಿಗೆ ಎಚ್ಚರಿಕೆ ಮಾತ್ರ.

ಅದೇ ಮಠದಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಬ್ರೂಸ್ ದೊರೆಯ ಹೃದಯ ಹೂತಿದ್ದಾರೆ. 1329ರಲ್ಲಿ ಅವನು ತೀರಿಕೊಂಡ ಮೇಲೆ ಹೃದಯ ಸ್ಪೇನಿನ ಯುದ್ಧಕ್ಕೂ ಹೋಗಿ ವಾಪಸ್ ಬಂತು. ಇಲ್ಲಾದರೂ ನೆಮ್ಮದಿ ಸಿಕ್ಕಿತಾ? 1921ರಲ್ಲಿ ಅಗೆದರು, ಹೂತರು. 1996ರಲ್ಲಿ ಮತ್ತೆ ಅಗೆದರು, 1998ರಲ್ಲಿ ಮತ್ತೆ ಹೂತರು. ನೀವು ಮಾತ್ರ ಬೇಲಿ ದಾಟಬೇಡಿ.

ಹರ್ಮಿಟೇಜ್ ಕೋಟೆಯದ್ದು ಇನ್ನೂ ಚೆನ್ನಾಗಿದೆ. ಆ ಪುಟ್ಟ ರಾಣಿ ಮೇರಿ ದೊಡ್ಡವಳಾಗಿ, 1566ರ ಅಕ್ಟೋಬರಿನಲ್ಲಿ, ಗಾಯಗೊಂಡಿದ್ದ ಬಾತ್‌ವೆಲ್ ಅನ್ನುವ ಸರದಾರನನ್ನು ನೋಡಲು ಜೆಡ್‌ಬರ್ಗ್‌ನಿಂದ ಕುದುರೆ ಹತ್ತಿ ಇಲ್ಲಿಗೆ ಬಂದು ಅದೇ ದಿನ ವಾಪಸ್ ಹೋದಳು, ಹೋಗಿ ಜ್ವರ ಬಂದು ಸಾಯುವ ಹಾಗಾದಳು. ಈಗಿನ ಲೆಕ್ಕದಲ್ಲಿ ಕೋಟೆ ತೆರೆಯುವುದು ಬೇಸಿಗೆಯಲ್ಲಿ, ಸೆಪ್ಟೆಂಬರ್ ಮುಗಿದರೆ ಬಾಗಿಲು ಬಂದ್. ರಾಣಿ ಈಗ ಬಂದಿದ್ದರೆ ಗೇಟಿನ ಮುಂದೆ ಒಂದು ಸೆಲ್ಫಿ ತೆಗೆದುಕೊಂಡು, ಜ್ವರವನ್ನೂ ತೆಗೆದುಕೊಂಡು ಹೋಗಬೇಕಿತ್ತು.

ಇನ್ನು ಟಿಕೆಟ್. 1707ರಲ್ಲಿ ಎರಡು ದೇಶ ಒಂದಾದವು, ಗಡಿಯಲ್ಲಿ ಪಾಸ್‌ಪೋರ್ಟ್ ಕೇಳುವವರೇ ಇಲ್ಲ. ಆದರೆ ಕೋಟೆ ನೋಡಿಕೊಳ್ಳುವ ಸಂಸ್ಥೆ ಆ ಕಡೆ ಬೇರೆ, ಈ ಕಡೆ ಬೇರೆ. ಇಂಗ್ಲೆಂಡಿನ ಸಂಸ್ಥೆಯ ಸದಸ್ಯರಾಗಿ ಸ್ಕಾಟ್ಲೆಂಡಿಗೆ ಹೋದರೆ ಮೊದಲ ವರ್ಷ ಅರ್ಧ ರೇಟು, ಸದಸ್ಯತ್ವ ಮುಂದುವರಿಸಿದರೆ ಪುಕ್ಕಟೆ. ಅಂದರೆ ಒಂದು ವರ್ಷ ನಿಮ್ಮ ನಡತೆ ನೋಡುತ್ತಾರೆ. ಹಿಂದೆ ಬಂದವರ ಚರಿತ್ರೆ ನೋಡಿದರೆ ತಪ್ಪೇನಿಲ್ಲ ಅಲ್ವಾ?

ಬೆರಿಕ್ ಊರಿಗೆ ಬನ್ನಿ. ಇಂಗ್ಲೆಂಡು, ಸ್ಕಾಟ್ಲೆಂಡು ಹತ್ತಾರು ಸಲ ಕಿತ್ತಾಡಿ ಕೈ ಬದಲಾಯಿಸಿದ ಊರು ಇದು. ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ 1292ರಲ್ಲಿ ಸ್ಕಾಟ್ಲೆಂಡಿಗೆ ಯಾರು ದೊರೆ ಅಂತ ತೀರ್ಪು ಕೊಟ್ಟ ದೊಡ್ಡ ಹಜಾರ ಇಲ್ಲಿನ ಕೋಟೆಯಲ್ಲೇ ಇತ್ತು. 19ನೇ ಶತಮಾನದಲ್ಲಿ ರೈಲಿನವರು ಬಂದು ಕೋಟೆಯನ್ನು ಒಡೆದು ಅದೇ ಜಾಗದಲ್ಲಿ ಸ್ಟೇಷನ್ ಕಟ್ಟಿದರು. ಈಗ ಅಲ್ಲೊಂದು ಬೋರ್ಡಿದೆ, ಇಲ್ಲಿ ಹಜಾರ ಇತ್ತು ಅಂತ. ಪುಣ್ಯಕ್ಕೆ ಇಲ್ಲಿ ಗೋಡೆ ಹತ್ತಬೇಡಿ ಅನ್ನುವುದಿಲ್ಲ. ರೈಲು ಹತ್ತಬಹುದು.

ಯಾವ ಕಿರಿಕಿರಿಯೂ ಬೇಡ ಅನ್ನುವವರು ಸೀದಾ ಕೆಲ್ಸೋ ಹತ್ತಿರದ ರಾಕ್ಸ್‌ಬರ್ಗ್ ಕೋಟೆಗೆ ಹೋಗಿ. 1460ರಲ್ಲಿ ಅದಕ್ಕೆ ಮುತ್ತಿಗೆ ಹಾಕಿದ್ದ ಸ್ಕಾಟ್ಲೆಂಡಿನ ಎರಡನೇ ಜೇಮ್ಸ್ ದೊರೆ ತನ್ನದೇ ತೋಪು ಸಿಡಿದು ಸತ್ತ. ಅವನ ಕಡೆಯವರು ಗೆದ್ದರು, ಗೆದ್ದ ಕೋಟೆ ಇಂಗ್ಲಿಷರಿಗೆ ಮತ್ತೆ ಸಿಗಬಾರದು ಅಂತ ತಾವೇ ಕೆಡವಿದರು. ಈಗ ಅಲ್ಲಿರುವುದು ಹುಲ್ಲುದಿಬ್ಬ, ಅಲ್ಲೊಂದು ಇಲ್ಲೊಂದು ಮುರುಕು ಗೋಡೆ. ದೊಡ್ಡಮ್ಮ ಅಲ್ಲಿ ಚಾಪೆ ಹಾಸಿ ಪುಳಿಯೋಗರೆ ಡಬ್ಬಿ ತೆಗೆಯಬಹುದು.