ಕತ್ತರಿ ಹಾಕುವ ಮುಂಚೆ ಒಂದು ಮಾತು ಕೇಳಬಾರದಿತ್ತಾ?

ಮೂರು ದಿನ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ. ಇಲ್ಲಿ ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಮನೆ ಹತ್ತಿರದ ಒಂದು ಲಾಂಡ್ರಿಗೆ ದೊಡ್ಡವ್ವನ ಉಣ್ಣೆ ಕೋಟು ಡ್ರೈಕ್ಲೀನಿಂಗ್‌ಗೆ ಕೊಟ್ಟಿದ್ದೆ. ಕೋಟು ವಾಪಸ್ ಬಂತು. ಒಳಗಿದ್ದ ಎರಡು ಚಿಕ್ಕ ಲೇಬಲ್ ಇಲ್ಲ. ಕತ್ತರಿಸಿ ಬಿಸಾಕಿದ್ದಾರೆ!

"ಲೇಬಲ್ ತಾನೇ, ಅದಕ್ಯಾಕೆ ಇಷ್ಟು ಕೂಗಾಡ್ತೀಯ" ಅಂತ ನನ್ನ ಗಂಡನೂ ಅಂದ. ಹಾಗನ್ನುವವರಿಗಾಗಿಯೇ ಪೂರ್ತಿ ಬರೀತಿದ್ದೀನಿ, ಓದಿ.

ದೊಡ್ಡವ್ವ ಡಾಕ್ಟರ್. 1971ರಲ್ಲಿ ಧಾರವಾಡದಿಂದ ನ್ಯೂಯಾರ್ಕಿಗೆ ಹೋದವಳು, 1975ರಲ್ಲಿ ವಾಪಸ್ ಬಂದಳು. ಬರುವಾಗ ತಂದಿದ್ದು ಈ ಕೋಟು. ಕುತ್ತಿಗೆ ಹತ್ತಿರ ದೊಡ್ಡ ಲೇಬಲ್ಲಿನಲ್ಲಿ ಬಿಲ್ ಬ್ಲಾಸ್ ಅಂತಿದೆ, ಅಲ್ಲಿನ ದೊಡ್ಡ ಹೆಸರಿನ ಡಿಸೈನರ್. ಧಾರವಾಡದ ಚಳಿಗೂ ಅವಳು ಅದನ್ನು ಹಾಕಿದ್ದು ಕಡಿಮೆ, ಟ್ರಂಕಿನಲ್ಲಿ ಡಾಂಬರುಗುಳಿಗೆ ಹಾಕಿ ಇಟ್ಟಿದ್ದಳು. ಎರಡು ವರ್ಷದ ಹಿಂದೆ ಅವಳು ಹೋದಮೇಲೆ ಟ್ರಂಕು ತೆಗೆದಾಗ ಶುರುವಾಯ್ತು ಮನೆಯಲ್ಲಿ ವಾದ. ಅವ್ವ ಹೇಳುತ್ತಾಳೆ, "ಅಕ್ಕ ಇದನ್ನ ಪೈಲಾ ಪಗಾರದಾಗ ತಗೊಂಡಾಳ, ನನಗ ಪತ್ರ ಬರದಿದ್ಲು." ಸೋದರಮಾವ ಒಪ್ಪೋದಿಲ್ಲ. "ಬರೂ ಮುಂದ ಸೇಲ್‌ನಾಗ ತಗೊಂಡಿದ್ದು" ಅಂತಾನೆ. ಪತ್ರ ಸಿಕ್ಕಿಲ್ಲ. ಕೇಳೋಣ ಅಂದರೆ ದೊಡ್ಡವ್ವನೇ ಇಲ್ಲ. ಅವ್ವನಿಗೆ ಇದು ಸಣ್ಣ ಮಾತಲ್ಲ. ಮನೆಗೆ ದುಡ್ಡು ಕಳಿಸಿ ಕಳಿಸಿ ತನಗೆ ಅಂತ ಏನೂ ತಗೊಳ್ಳದೆ ಇದ್ದ ಅಕ್ಕ, ಒಂದೇ ಒಂದು ಸಲ, ಮೊದಲ ಸಂಬಳದಲ್ಲಿ ತನಗೋಸ್ಕರ ಏನೋ ತಗೊಂಡಳು ಅನ್ನೋದು ಅವಳಿಗೆ ಬೇಕು.

ಇದನ್ನು ತೀರ್ಮಾನ ಮಾಡೋಕೆ ಆಗ್ತಿತ್ತು ಅನ್ನೋದೇ ನನ್ನ ಹೊಟ್ಟೆಯುರಿ. ಕೋಟಿನ ಜಾತಕ ಇರೋದು ಆ ಚಿಕ್ಕ ಲೇಬಲ್‌ಗಳಲ್ಲಿ. ದೊಡ್ಡ ಲೇಬಲ್ ಇಲ್ಲಿ ಅರ್ಧ ಮಾತ್ರ ಹೇಳುತ್ತೆ. ಬಿಲ್ ಬ್ಲಾಸ್ ಮೊದಲು ಮಾರಿಸ್ ರೆಂಟ್ನರ್ ಅನ್ನೋ ಕಂಪನಿಯಲ್ಲಿ ಡಿಸೈನರ್ ಆಗಿದ್ದವನು, ಆಗಿನ ಲೇಬಲ್ಲಿನಲ್ಲಿ ಎರಡೂ ಹೆಸರು ಇರುತ್ತಿದ್ದವು. 1970ರಲ್ಲಿ ಆ ಕಂಪನಿಯನ್ನೇ ಕೊಂಡು ತನ್ನ ಹೆಸರಿಟ್ಟ. ನಮ್ಮ ಕೋಟಿನಲ್ಲಿ ಅವನ ಹೆಸರೊಂದೇ ಇದೆ. ಅಂದರೆ 1970ರ ನಂತರದ್ದು ಅಂತ ಲೆಕ್ಕ, ಆದರೆ ಅವ್ವ ಹೇಳೋದೂ ಮಾವ ಹೇಳೋದೂ ಎರಡೂ ಅದರೊಳಗೇ ಬರುತ್ತಲ್ಲ!

ಇಲ್ಲಿ ಕೆಲಸಕ್ಕೆ ಬರ್ತಿದ್ದದ್ದು ಚಿಕ್ಕವು. ಅಮೆರಿಕದಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಕಾರ್ಮಿಕರ ಯೂನಿಯನ್ ಒಂದಿತ್ತು, ಐಎಲ್‌ಜಿಡಬ್ಲ್ಯುಯು ಅಂತ, 1900ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ್ದು. ಯೂನಿಯನ್ ಇದ್ದ ಕಾರ್ಖಾನೆಯಲ್ಲಿ ಹೊಲಿದ ಬಟ್ಟೆಯ ಒಳಗೆ ಅವರದ್ದೊಂದು ಲೇಬಲ್ ಇರುತ್ತಿತ್ತು. ಅದರ ವಿನ್ಯಾಸ ಆಗಾಗ ಬದಲಾಯ್ತು. 1974ರಲ್ಲಿ ಕೆಂಪು, ಬಿಳಿ, ನೀಲಿ ಬಣ್ಣದ್ದು ಬಂತು. 1995ರಲ್ಲಿ ಯೂನಿಯನ್ನೇ ಇನ್ನೊಂದರ ಜೊತೆ ಸೇರಿಹೋಯ್ತು. ಹಳೇ ಬಟ್ಟೆ ನೋಡುವವರೆಲ್ಲ ಮೊದಲು ಹುಡುಕೋದು ಇದನ್ನೇ. ನಮ್ಮ ಕೋಟಿನಲ್ಲಿ ಅದು ಮೂರು ಬಣ್ಣದ್ದಾಗಿದ್ದರೆ ಮಾವ ಹೇಳಿದ್ದು ಸರಿ, ಹಳೇ ವಿನ್ಯಾಸದ್ದಾಗಿದ್ದರೆ ಅವ್ವನ ಕಡೆ ತೂಕ ಜಾಸ್ತಿ.

ಇನ್ನೊಂದು ಲೇಬಲ್ ಇನ್ನೂ ಗಟ್ಟಿ ಸಾಕ್ಷಿ. ಬಟ್ಟೆಯನ್ನು ಹೇಗೆ ಒಗೆಯಬೇಕು, ಡ್ರೈಕ್ಲೀನ್ ಮಾಡಬೇಕಾ ಅಂತ ಕಿತ್ತುಹೋಗದ ಹಾಗೆ ಲೇಬಲ್ ಹಾಕಲೇಬೇಕು ಅನ್ನೋ ನಿಯಮ ಅಮೆರಿಕದಲ್ಲಿ ಜಾರಿಗೆ ಬಂದದ್ದು 1972ರ ಜುಲೈನಲ್ಲಿ. ಆಮೇಲೆ ಹೊಲಿದ ಕೋಟಾದರೆ ಆ ಸೂಚನೆ ಇರಬೇಕು. ಬರೀ ಉಣ್ಣೆ ಎಷ್ಟು ಅಂತ ಬರೆದು ಸುಮ್ಮನಾಗಿದ್ದರೆ ಅದಕ್ಕೂ ಮುಂಚಿನದ್ದು ಇರಬಹುದು. ಅದರಲ್ಲಿ ಆರ್‌ಎನ್ ನಂಬರ್ ಅಂತ ಒಂದಿರುತ್ತೆ, ಬಟ್ಟೆ ಕಂಪನಿಯ ನೋಂದಣಿ ನಂಬರ್. ಅದನ್ನೇ ತಯಾರಾದ ವರ್ಷ ಅಂದುಕೊಳ್ಳುವವರಿದ್ದಾರೆ, ಅದು ತಪ್ಪು. ಕಂಪನಿ ಒಂದು ಸಲ ನಂಬರ್ ತಗೊಂಡರೆ ಎಷ್ಟೋ ವರ್ಷ ಅದನ್ನೇ ಹಾಕ್ತಾ ಹೋಗುತ್ತೆ. ಆದರೂ ಯಾರ ಕಂಪನಿ ಅಂತ ಗೊತ್ತಾಗುತ್ತಿತ್ತು.

ಎರಡೂ ಜೇಬಿನ ಹತ್ತಿರ, ಪಕ್ಕದ ಹೊಲಿಗೆಗೆ ಸೇರಿಸಿ ಹಾಕಿದ್ದವು. ಧಾರವಾಡದಲ್ಲಿ ರಾತ್ರಿ ಬಲ್ಬಿನ ಬೆಳಕಿನಲ್ಲಿ ನೋಡಿದ್ದೆ, ಅಕ್ಷರ ಮಾಸಿತ್ತು. ಕೋಟು ಸ್ವಚ್ಛ ಆಗಿ ಬರಲಿ, ಹಗಲಲ್ಲಿ ಚೆನ್ನಾಗಿ ಫೋಟೋ ತೆಗೆಯೋಣ ಅಂತ ಬಿಟ್ಟೆ. ಈಗ ಕಣ್ಣು ಮುಚ್ಚಿ ಎಷ್ಟು ನೆನಪು ಮಾಡಿಕೊಂಡರೂ ಕೆಂಪು ಇತ್ತೋ ಇಲ್ಲವೋ ಹೊಳೆಯುತ್ತಿಲ್ಲ.

ಈಗ ಅಲ್ಲಿ ಏನಿದೆ ಗೊತ್ತಾ? ಸಾಲಾಗಿ ಸೂಜಿ ತೂತು. ನಾಲ್ಕೈದು ಎಳೆ ದಾರ. ಕಂದು ಬಣ್ಣದ ಅಸ್ತರ್ ಉಳಿದ ಕಡೆಯೆಲ್ಲ ಮಂಕಾಗಿದೆ, ಲೇಬಲ್ ಇದ್ದ ಎರಡು ಬೆರಳಿನಷ್ಟು ಜಾಗ ಮಾತ್ರ ಇನ್ನೂ ಹೊಸದರ ಹಾಗೆ ಹೊಳೀತಿದೆ. ಐವತ್ತು ವರ್ಷ ಅದನ್ನು ಮುಚ್ಚಿಕೊಂಡು ಕೂತಿತ್ತಲ್ಲ ಆ ಚೂರು ಬಟ್ಟೆ! ಅದರ ಪಕ್ಕದಲ್ಲೇ ಅಂಗಡಿಯವರ ಗುಲಾಬಿ ಚೀಟಿಗೆ ಸ್ಟೇಪ್ಲರ್ ಪಿನ್ ಹೊಡೆದಿದ್ದಾರೆ, ಅಸ್ತರ್‌ಗೇ. ಅವರ ನಂಬರ್ ಮಾತ್ರ ಭದ್ರವಾಗಿರಬೇಕು.

ಹೋಗಿ ಕೇಳಿದೆ. "ತಾಈ, ತೇ ಫಾಟಲಂ ಹೋತಂ" ಅಂದ. ಹರಿದಿತ್ತಂತೆ. ಹರಿದಿದ್ದರೆ ಹರಿದದ್ದನ್ನೇ ಕೊಡಬೇಕಿತ್ತು ನನಗೆ! ನೇತಾಡ್ತಿತ್ತು, ಮಷಿನ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಹುಡುಗ ಕತ್ತರಿಸಿದನಂತೆ. ಕವರ್‌ನಲ್ಲಿ ಹಾಕಿ ಇಡೋಕೆ ಏನಾಗಿತ್ತು? ಗುಂಡಿ ಕಿತ್ತುಬಂದರೆ ಚೀಟಿಗೆ ಕಟ್ಟಿ ಕೊಡ್ತಾರಲ್ವಾ? ಫೋನ್ ನಂಬರ್ ಬರೆಸಿಕೊಂಡಿದ್ದು ಯಾತಕ್ಕೆ, ಬಿಲ್ಲು ಕಳಿಸೋಕೆ ಮಾತ್ರಾನಾ? ಕಸದ ಡಬ್ಬಿ ನೋಡ್ತೀನಿ ಅಂದೆ. ಗಾಡಿ ಬಂದು ತಗೊಂಡು ಹೋಗಿ ಎರಡು ದಿನ ಆಗಿತ್ತು. ಕೊನೆಗೆ ರಸೀದಿಯ ಹಿಂದೆ ಇರುವೆ ಸಾಲಿನಂಥ ಅಕ್ಷರ ತೋರಿಸಿದ. ಗುಂಡಿ, ಜಿಪ್, ಅಲಂಕಾರಕ್ಕೆ ಜವಾಬ್ದಾರಿ ಅವರದ್ದಲ್ಲ. ಲೇಬಲ್ ಅನ್ನೋ ಮಾತು ಅದರಲ್ಲೂ ಇಲ್ಲ.

ಎಲ್ಲಕ್ಕಿಂತ ಉರಿದದ್ದು ಅವನ ಕೊನೆ ಮಾತಿಗೆ. ಯಾವ ಲೇಬಲ್ ಬೇಕು ಹೇಳಿ, ಹೊಸದು ಹೊಲಿಸಿ ಕೊಡ್ತೀನಿ ಅಂದ. ಅವನಿಗೆ ಅದು ನಿಜವಾಗಿಯೂ ಸಹಾಯ ಅನ್ನಿಸಿತ್ತು. ನನಗೆ ಅಲ್ಲೇ ಅಳು ಬಂತು.

ಜನವರಿಯಲ್ಲಿ ಗಣೇಶನಗರದ ಕನ್ನಡ ಸಂಘಕ್ಕೆ ಅವ್ವನಿಗೆ ಇದೇ ಕೋಟು ಹಾಕಿಸಿ ಕರ್ಕೊಂಡು ಹೋಗಬೇಕು ಅಂತಿದ್ದೆ, ವರ್ಷ ಇಂಥದ್ದೇ ಅಂತ ಹೇಳಿ. ನಿನ್ನೆ ಫೋನ್ ಮಾಡಿದ್ದಳು. "ಏನಾತವ್ವಾ, ಕೋಟ್ ಬಂತೇನ? ಪೈಲಾ ಪಗಾರದ್ದ ಹೌದಲ್ಲ?" ಅಂದಳು. ಲಾಂಡ್ರಿಯಿಂದ ಇನ್ನೂ ಬಂದಿಲ್ಲ ಅಂತ ಸುಳ್ಳು ಹೇಳಿದೀನಿ.